ಹಳೆ ಸ್ಟೀರಿಯೋ ಸೆಟ್ಟಿಗೆ 15,000 ರೂಪಾಯಿಯೊಳಗೆ ಹೊಸ ದನಿ: ನನ್ನ ಅನುಭವ

ನಮ್ಮ ಮನೆಯಲ್ಲಿರುವುದು ಮಾವ ಕೊಟ್ಟ ಸೆಟ್ಟು. ಚಾನೆಲ್‌ಗೆ 40 ವಾಟ್‌ನ ಒಂದು ಆಂಪ್ಲಿಫೈಯರ್, ಮರದ ಡಬ್ಬದ ಎರಡು ಸ್ಪೀಕರ್, ಒಂದೊಂದರಲ್ಲೂ ದಪ್ಪ ದನಿಗೆ 8 ಇಂಚಿನ ವೂಫರ್ ಮತ್ತು ಮೇಲೆ ಸಣ್ಣ ದನಿಗೆ ಒಂದು ಪುಟ್ಟ ಟ್ವೀಟರ್. ಕೈಯಲ್ಲಿದ್ದದ್ದು 15,000 ರೂಪಾಯಿ. ಯಾರನ್ನು ಕೇಳಿದರೂ ಮೊದಲು ಹೊಸ ಆಂಪ್ ತಗೊಳ್ಳಿ ಅಂದರು. ನಾನು ಆಂಪ್ ಮುಟ್ಟಲಿಲ್ಲ. ದುಡ್ಡು ಬೇಡದ ಕೆಲಸ ಮೊದಲು, ಆಮೇಲೆ ರಿಪೇರಿ, ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಕಡಿಮೆ ದುಡ್ಡಿನಲ್ಲಿ ಮಾಡುವವರಿಗೆ ಇದೇ ಸರಿಯಾದ ದಾರಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಆಂಪ್ ಯಾಕೆ ಬೇಡ ಅಂದರೆ, ವಾಟ್ ದುಪ್ಪಟ್ಟಾದರೆ ಶಬ್ದ ಹೆಚ್ಚುವುದು ಬರೀ 3 ಡೆಸಿಬೆಲ್. 40ರಿಂದ 80ಕ್ಕೆ ಹೋದರೂ ಕಿವಿಗೆ ಸ್ವಲ್ಪ ಜೋರು ಅನಿಸುತ್ತದೆ, ಅಷ್ಟೇ. ಮನೆಯಲ್ಲಿ ಮಾತಾಡುವಷ್ಟು ಜೋರಿನಲ್ಲಿ ಹಾಡು ಕೇಳುವಾಗ ಸ್ಪೀಕರ್‌ಗೆ ಹೋಗುವುದು ಒಂದು ವಾಟ್‌ಗೂ ಕಡಿಮೆ. ನಮ್ಮ ಆಂಪ್‌ನಲ್ಲಿ ಇದ್ದ ತೊಂದರೆ ಒಂದೇ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಒಮ್ಮೊಮ್ಮೆ ಒಂದು ಕಡೆ ಶಬ್ದವೇ ಇಲ್ಲ. ಪ್ಲಗ್ ಕಿತ್ತು, ಒಂದು ರಾತ್ರಿ ಹಾಗೇ ಬಿಟ್ಟು (ಒಳಗಿನ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ, ಹುಷಾರು), ವಾಲ್ಯೂಮ್ ಕಂಟ್ರೋಲ್‌ನ ಸಂದಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಈ ತುದಿಯಿಂದ ಆ ತುದಿಗೆ ಚೆನ್ನಾಗಿ ತಿರುಗಿಸಿದೆ. ಕರಕರ ಹೋಯಿತು.

ಇನ್ನು ದುಡ್ಡು ಬೇಡದ ಕೆಲಸ, ಅಂದರೆ ರೂಮು. ನಮ್ಮದು ಬಾಡಿಗೆ ಮನೆ, ಹಾಲ್ 10 ಅಡಿಗೆ 12 ಅಡಿ, ನೆಲಕ್ಕೆ ಟೈಲ್ಸ್, ಗೋಡೆ ಬೋಳು. ಬೆಂಗಳೂರಿನ ಅರ್ಧ ಬಾಡಿಗೆ ಮನೆಗಳು ಹೀಗೇ ಅಲ್ವಾ. ಇಷ್ಟು ಚಿಕ್ಕ ಜಾಗದಲ್ಲಿ ಕೆಲವು ಕೆಳಗಿನ ಸ್ವರಗಳು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಗುಂಯ್ ಅನ್ನುತ್ತವೆ. ಲೆಕ್ಕ ಸುಲಭ: ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅದನ್ನು ಗೋಡೆಗಳ ಅಂತರದ (ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿ. 12 ಅಡಿಗೆ ಸುಮಾರು 47 ಹರ್ಟ್ಜ್ (ಸೆಕೆಂಡಿಗೆ 47 ಕಂಪನ), 10 ಅಡಿಗೆ 56 ಹರ್ಟ್ಜ್ ಬರುತ್ತದೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಫೋನನ್ನು ಆಂಪ್‌ಗೆ ಸಿಕ್ಕಿಸಿ, ಸ್ಪೀಕರ್‌ನಲ್ಲಿ 47 ಹರ್ಟ್ಜ್ ನುಡಿಸುತ್ತಾ ಉದ್ದುದ್ದಕ್ಕೆ ಓಡಾಡಿ ನೋಡಿ. ಗೋಡೆಯ ಹತ್ತಿರ ಎದೆಗೆ ಬಡಿಯುವಷ್ಟಿದ್ದ ಶಬ್ದ ಹಾಲ್‌ನ ಮಧ್ಯಕ್ಕೆ ಬಂದರೆ ಹೆಚ್ಚುಕಡಿಮೆ ಮಾಯ! ನಮ್ಮ ಸೋಫಾ ಇದ್ದದ್ದು ಹಿಂದಿನ ಗೋಡೆಗೆ ಅಂಟಿಕೊಂಡು. ಅದನ್ನು ಎರಡಡಿ ಮುಂದೆ ಎಳೆದೆ. ಸ್ಪೀಕರ್‌ಗಳನ್ನು ಮೂಲೆಯಿಂದ ಬಿಡಿಸಿ, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವ ಹಾಗೆ ಸ್ಟೂಲಿನ ಮೇಲಿಟ್ಟೆ. ಗಂಗೂಬಾಯಿ ಹಾನಗಲ್ ಅವರ ದನಿ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಆ ತುಂಬು ದನಿ ಮೂಲೆಯ ಸ್ಪೀಕರ್‌ನಲ್ಲಿ ಗಡಿಗೆಯೊಳಗಿಂದ ಬಂದಂತೆ ಕೇಳುತ್ತದೆ, ಜಾಗ ಸರಿಯಾದರೆ ಎದುರಿಗೆ ಕೂತು ಹಾಡಿದ ಹಾಗಿರುತ್ತದೆ.

ಪಕ್ಕದ ಗೋಡೆಗೆ ಕನ್ನಡಿಯ ಉಪಾಯ. ನಾನು ಸೋಫಾದಲ್ಲಿ ಕೂತೆ, ಮಗಳು ಗೋಡೆಗುಂಟ ಕನ್ನಡಿ ಹಿಡಿದು ನಡೆದಳು. ಎಲ್ಲಿ ಕನ್ನಡಿಯಲ್ಲಿ ಟ್ವೀಟರ್ ಕಂಡಿತೋ ಅಲ್ಲಿಂದಲೇ ಶಬ್ದ ಪುಟಿದು ಕಿವಿಗೆ ಬರುತ್ತಿರುತ್ತದೆ. ಆ ಜಾಗಕ್ಕೆ ಅಮ್ಮ ಹೊಲಿದ ಕೌದಿ ಮಡಚಿ ನೇತುಹಾಕಿದೆ. ಪದರ ಪದರವಾಗಿ ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಕೌದಿ ಇದಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ನೆಲಕ್ಕೆ ಜಮಖಾನ. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಟಣಟಣ ಕಡಿಮೆಯಾಯಿತು.

ಈಗ ಸ್ಪೀಕರ್ ಬಿಚ್ಚಿದ ವಿಷಯ. ವೂಫರ್‌ನ ಕಾಗದದ ಕೋನ್ ಸುತ್ತ ಫೋಮ್ ಅಥವಾ ರಬ್ಬರ್ ಬಳೆ ಇರುತ್ತದೆ. ರಬ್ಬರ್ ಆದರೆ ಬಹಳ ವರ್ಷ ಬರುತ್ತದೆ, ಫೋಮ್ ಮಾತ್ರ ಗಾಳಿಯ ತೇವಕ್ಕೆ ನಿಧಾನವಾಗಿ ಪುಡಿಯಾಗುತ್ತದೆ. ನಾನು ಬೆರಳಿಟ್ಟ ಕಡೆ ಅಂಟಂಟಾಗಿ ಕಪ್ಪು ಪುಡಿ ಬಂತು. ತುಂಬಾ ಜನ ಇಲ್ಲಿಗೆ ಬಂದು ಸ್ಪೀಕರ್ ಹೋಯಿತು ಅಂತ ಗುಜರಿಗೆ ಹಾಕುತ್ತಾರೆ. ನಿಜವಾಗಿ ಹೋಗಿರುವುದು ಆ ಬಳೆ ಮಾತ್ರ. ಫೋಮ್‌ನ ಹೊರ ಅಳತೆ, ಕೋನ್‌ಗೆ ಅಂಟುವ ಒಳ ಅಳತೆ, ಎರಡನ್ನೂ ಮಿಲಿಮೀಟರಲ್ಲಿ ಬರೆದುಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋಗಿ ಹೊಸ ಬಳೆ ತಂದೆ. ಬರೀ 8 ಇಂಚು ಅಂದರೆ ಸಾಲದು, ಒಂದೇ ಇಂಚಿನ ಹೆಸರಿನಲ್ಲಿ ಬೇರೆ ಬೇರೆ ಅಳತೆ ಬರುತ್ತವೆ.

ಹಳೆ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ನೆನೆಸಿ, ಉಗುರಿನಿಂದ ಮೆಲ್ಲಗೆ ಎಬ್ಬಿಸಬೇಕು. ಕೋನ್ ಹರಿಯಬಾರದು, ಅದಕ್ಕೇ ಚಾಕು ಬೇಡ. ಗೋಂದು ತಕ್ಷಣ ಹಿಡಿಯುವಂಥದ್ದು ಬೇಡ, ನಿಧಾನಕ್ಕೆ ಒಣಗಿ, ಒಣಗಿದ ಮೇಲೂ ಬಾಗುವಂಥದ್ದು ಬೇಕು. ಮೊದಲು ಕೋನ್‌ಗೆ ಅಂಟಿಸಿ ಪೂರ್ತಿ ಒಣಗಲು ಬಿಟ್ಟೆ. ಹೊರಗಿನ ಅಂಚನ್ನು ಅಂಟಿಸುವಾಗ ಆಂಪ್‌ನಿಂದ 30 ಹರ್ಟ್ಜ್ ಟೋನ್ ತೀರಾ ಸಣ್ಣಗೆ ಕೊಟ್ಟೆ. ಕೋನ್ ಕಣ್ಣಿಗೆ ಕಾಣುವಷ್ಟು ಒಳಗೆ ಹೊರಗೆ ಆಡುತ್ತದೆ, ಕೋನ್ ಹಿಂದಿನ ತಂತಿ ಸುರುಳಿ (ಕಾಯಿಲ್) ಎಲ್ಲಾದರೂ ಉಜ್ಜಿದರೆ ಪರಪರ ಅನ್ನುತ್ತದೆ. ಆ ಸದ್ದು ನಿಲ್ಲುವ ತನಕ ಬೆರಳಿನಿಂದ ಅಂಚನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಕೂತೆ. ಈ ಕೆಲಸಕ್ಕೆ ಅವಸರ ಆಗದು, ಆದರೆ ಕೈಗೆ ಕಷ್ಟವೂ ಅಲ್ಲ.

ಡಬ್ಬ ಬಿಚ್ಚಿದ್ದಾಗಲೇ ಕ್ರಾಸ್‌ಓವರ್, ಅಂದರೆ ದಪ್ಪ ದನಿಯನ್ನು ವೂಫರ್‌ಗೆ, ಸಣ್ಣ ದನಿಯನ್ನು ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್ ಕೂಡ ನೋಡಿದೆ. ಟ್ವೀಟರ್‌ಗೆ ಹೋಗುವ ದಾರಿಯಲ್ಲಿದ್ದ 4.7 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗಿತ್ತು. ಹಾಗಾದಾಗ ತಂಬೂರದ ಝೇಂಕಾರ ಮಂಕಾಗುತ್ತದೆ. ಅದೇ 4.7 ಮೈಕ್ರೋಫ್ಯಾರಡ್‌ನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪ್ಯಾಸಿಟರ್ ಹಾಕಿ ಬೆಸುಗೆ ಹಾಕಿದೆ. ಎರಡೂ ಸ್ಪೀಕರ್‌ಗೆ ಒಟ್ಟಿಗೇ ಬದಲಾಯಿಸಿ, ಇಲ್ಲದಿದ್ದರೆ ಎಡ ಬಲ ಬೇರೆ ಬೇರೆ ಕೇಳುತ್ತದೆ.

ರಿಪೇರಿ ಸಾಮಾನು ಬಿಟ್ಟರೆ ಕೊಂಡದ್ದು ಎರಡೇ. ಒಂದು ಚಿಕ್ಕ ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ), ಮೂರು ಸಾವಿರದೊಳಗೆ. ಹಳೆ ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿ, ಮನೆಯ ಸಿಡಿಗಳನ್ನೆಲ್ಲ ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲ್ ಮಾಡಿ ಇಟ್ಟಿದ್ದೇನೆ. ಇನ್ನೊಂದು ವೈರ್. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರ್, ಹೋಗಿ ಬರುವ ದಾರಿ ಸೇರಿ 6 ಮೀಟರಿಗೆ ಅದರ ತಡೆ 0.07 ಓಮ್ ಆಸುಪಾಸು, ಸ್ಪೀಕರ್ 8 ಓಮ್, ಅಂದರೆ ವೈರ್‌ನ ತಡೆ ಲೆಕ್ಕಕ್ಕೇ ಇಲ್ಲ. ಇದಕ್ಕಿಂತ ದುಬಾರಿ ಕೇಬಲ್ಲಿಗೆ ನಾನು ಒಂದು ರೂಪಾಯಿಯೂ ಕೊಡುವುದಿಲ್ಲ. ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಬೇಡ.

ಎಲ್ಲಾ ಸೇರಿ ಅರ್ಧ ದುಡ್ಡೂ ಖರ್ಚಾಗಲಿಲ್ಲ. ಸೆಟ್ಟೇ ಇಲ್ಲದವರು ಸೆಕೆಂಡ್ ಹ್ಯಾಂಡ್ ಸ್ಪೀಕರ್ ನೋಡಲು ಹೋಗುವಾಗ ಜೇಬಲ್ಲಿ ಒಂದು 1.5 ವೋಲ್ಟ್ ಸೆಲ್ಲು, ಎರಡು ತುಂಡು ವೈರ್ ಇಟ್ಟುಕೊಳ್ಳಿ. ಟರ್ಮಿನಲ್‌ಗೆ ಒಂದು ಕ್ಷಣ ತಾಗಿಸಿದರೆ ವೂಫರ್ ಟಪ್ ಅಂತ ಆಡಬೇಕು. ಆಮೇಲೆ ಎರಡೂ ಕೈಯ ಬೆರಳಿನಿಂದ ಕೋನ್ ಅನ್ನು ಸಮನಾಗಿ ಒತ್ತಿ, ಉಜ್ಜುವ ಸದ್ದು ಬಂದರೆ ಬಿಟ್ಟುಬಿಡಿ. ಫೋಮ್ ಪುಡಿಯಾಗಿದ್ದರೆ ಬಿಡಬೇಡಿ, ಅದನ್ನೇ ತೋರಿಸಿ ಚೌಕಾಸಿ ಮಾಡಿ.