24 ಗಂಟೆಯ ಮೂತ್ರ ಹಿಡಿಯುವಾಗ ತಪ್ಪುವುದು ಎಲ್ಲಿ?

ರಕ್ತದ ಕ್ರಿಯಾಟಿನಿನ್‌ಗೆ (ಸ್ನಾಯುಗಳಲ್ಲಿ ಹುಟ್ಟಿ ಕಿಡ್ನಿ ಮೂತ್ರದಲ್ಲಿ ಹೊರಹಾಕುವ ಕಸ, ಕಿಡ್ನಿಯ ಕೆಲಸ ಅಳೆಯಲು ನೋಡುವಂಥದ್ದು) ಒಂದು ಸೂಜಿ ಚುಚ್ಚಿದರೆ ಮುಗಿಯಿತು. 24 ಗಂಟೆಯ ಮೂತ್ರ ಪರೀಕ್ಷೆ ಹಾಗಲ್ಲ, ಅದರ ಅರ್ಧ ಕೆಲಸ ಮನೆಯ ಬಚ್ಚಲಲ್ಲೇ ಆಗಬೇಕು. ರಿಪೋರ್ಟು ಕೆಡುವುದೂ ಹೆಚ್ಚಾಗಿ ಅಲ್ಲೇ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಮಂಡ್ಯದ ಕಡೆ ಬೆಳಗಾಗುತ್ತಲೇ ಕಬ್ಬಿಗೆ ನೀರು ಕಟ್ಟಲು ಹೋದವರು ಬದುವಿನ ಮೇಲೆ ಒಂದಕ್ಕೆ ಹೋಗಿಬಂದರೆ ಲೆಕ್ಕ ತಪ್ಪಿತು. ಮೈಸೂರಿಗೆ ಬಸ್ಸಿನಲ್ಲಿ ಓಡಾಡುವ ದಿನವೂ ಬೇಡ. ಭಾನುವಾರ ಮನೆಯಲ್ಲಿದ್ದು ಸೋಮವಾರ ಬೆಳಗ್ಗೆ ಲ್ಯಾಬ್‌ಗೆ ಒಯ್ಯುವುದು ಸಲೀಸು. ಮುಟ್ಟು, ಜ್ವರ, ಉರಿಮೂತ್ರ ಇದ್ದರೆ ಮುಂದಕ್ಕೆ ಹಾಕಿ. ಶನಿವಾರ ರಾತ್ರಿಯಿಂದಲೇ ಬಾಡೂಟ ಬಿಡಿ: ಬೇಯಿಸಿದ ಮಾಂಸ ತಿಂದ ಮೇಲೆ ಕೆಲವು ಗಂಟೆ ರಕ್ತದ ಕ್ರಿಯಾಟಿನಿನ್ ಏರಿಯೇ ಇರುತ್ತದೆ. ಮುದ್ದೆ, ಸೊಪ್ಪಿನ ಸಾರು ಎಂದಿನಂತೆ ನಡೆಯಲಿ. ನೀರೂ ಎಂದಿನಷ್ಟೇ.

ಭಾನುವಾರ ಬೆಳಗ್ಗೆ 6ಕ್ಕೆ ಎದ್ದು ಹೋದ ಮೂತ್ರವನ್ನು ಹಿಡಿಯಬೇಡಿ, ಚೆಲ್ಲಿ. ಗಂಟೆ ಬರೆದಿಡಿ. ಅದು ಶನಿವಾರ ರಾತ್ರಿ ತುಂಬಿಕೊಂಡದ್ದು, ನಮ್ಮ ಲೆಕ್ಕಕ್ಕೆ ಸೇರದು. ಅಲ್ಲಿಂದ ಮುಂದೆ ಒಂದು ಹನಿಯೂ ಬಿಡದೆ ಕ್ಯಾನಿಗೆ ಹೋಗಬೇಕು. ಸೋಮವಾರ ಸರಿಯಾಗಿ 6ಕ್ಕೆ ಮಾಡಿದ್ದು ಕೊನೆಯದು, ಅದು ಕ್ಯಾನಿನೊಳಗೆ. ಎರಡೂ ಬೆಳಗಿನದನ್ನು ಹಿಡಿದರೆ ಎರಡು ರಾತ್ರಿಯ ಮೂತ್ರ ಸೇರಿ ಅಂಕಿ ಸುಳ್ಳೇ ಹಿಗ್ಗುತ್ತದೆ. ಎರಡಕ್ಕೆ ಕೂರುವ ಮೊದಲು ಮೂತ್ರ ಹಿಡಿದುಕೊಳ್ಳಿ, ಆಮೇಲೆ ಎಂದರೆ ಮರೆತೇ ಹೋಗುತ್ತದೆ. ಹೆಂಗಸರಿಗೆ ಅಗಲ ಬಾಯಿಯ ಒಣ ಮಗ್ ಅನುಕೂಲ. ಬಚ್ಚಲ ಬಾಗಿಲಿಗೆ ಒಂದು ಚೀಟಿ ಅಂಟಿಸಿದರೆ ರಾತ್ರಿ ನಿದ್ದೆಗಣ್ಣಲ್ಲೂ ನೆನಪಾಗುತ್ತದೆ.

ಕ್ಯಾನು ಫ್ರಿಜ್ಜಿನಲ್ಲಿರಲಿ, ಇಲ್ಲದಿದ್ದರೆ ಐಸ್ ಹಾಕಿದ ಬಕೆಟ್ಟಿನಲ್ಲಿ. ಏಪ್ರಿಲ್ ಬಿಸಿಲಿಗೆ ಹೊರಗಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಲ್ಯಾಬ್‌ನವರು ಕ್ಯಾನಿನಲ್ಲಿ ಮೊದಲೇ ಏನಾದರೂ ದ್ರವ ಹಾಕಿ ಕೊಟ್ಟಿದ್ದರೆ ತೊಳೆದು ಚೆಲ್ಲಬೇಡಿ, ಕೈಗೂ ತಾಗಿಸಬೇಡಿ. ಕ್ಯಾಲ್ಸಿಯಂ ಮುಂತಾದ ಪರೀಕ್ಷೆಗೆ ಆಸಿಡ್ ಹಾಕುವುದುಂಟು. ಕ್ಯಾನು ಕೊಡುವ ದಿನವೇ ರಕ್ತವನ್ನೂ ಕೊಟ್ಟುಬಿಡಿ.

ಒಂದು ಸಲ ತಪ್ಪಿದರೆ ಎಷ್ಟು ವ್ಯತ್ಯಾಸ? 60 ಕಿಲೋ ತೂಕದ ಗಂಡಸು, ಒಟ್ಟು ಮೂತ್ರ 1500 ಮಿ.ಲೀ., ಅದರ ಕ್ರಿಯಾಟಿನಿನ್ ಡೆಸಿಲೀಟರಿಗೆ 80 ಮಿ.ಗ್ರಾಂ, ರಕ್ತದ್ದು 1.2 ಎಂದಿಟ್ಟುಕೊಳ್ಳಿ. 80ನ್ನು 1500ರಿಂದ ಗುಣಿಸಿ, 1.2 ಮತ್ತು 1440 ನಿಮಿಷದ ಗುಣಲಬ್ಧದಿಂದ ಭಾಗಿಸಿದರೆ ಕ್ಲಿಯರೆನ್ಸ್, ಅಂದರೆ ಕಿಡ್ನಿ ಕ್ರಿಯಾಟಿನಿನ್ ತೆಗೆದು ಶುಚಿಮಾಡುವ ರಕ್ತದ ಅಳತೆ, ನಿಮಿಷಕ್ಕೆ 69 ಮಿ.ಲೀ. ರಾತ್ರಿಯ ಒಂದು ಸಲದ 400 ಮಿ.ಲೀ. ಚೆಲ್ಲಿಹೋದರೆ ಅದೇ 51 ಆಗುತ್ತದೆ. ಕಿಡ್ನಿ ಅದೇ, ಹೆದರಿಕೆ ಮಾತ್ರ ಹೊಸದು.

ಈ ತಪ್ಪನ್ನು ರಿಪೋರ್ಟೇ ಹೇಳುತ್ತದೆ, ನೋಡುವವರು ಕಡಿಮೆ. ದಿನದ ಒಟ್ಟು ಕ್ರಿಯಾಟಿನಿನ್ ಗಂಡಸರಲ್ಲಿ ಕಿಲೋ ತೂಕಕ್ಕೆ ಸುಮಾರು 20–25 ಮಿ.ಗ್ರಾಂ, ಹೆಂಗಸರಲ್ಲಿ 15–20 ಇರಬೇಕು. ವಯಸ್ಸಾದವರು, ಸೊರಗಿದವರಲ್ಲಿ ಇನ್ನೂ ಕಡಿಮೆ. ಮೇಲಿನ ಮೊದಲ ಲೆಕ್ಕದಲ್ಲಿ 1200 ಮಿ.ಗ್ರಾಂ, ಸರಿ. ಎರಡನೆಯದರಲ್ಲಿ 880, ಅಂದರೆ ಕ್ಯಾನು ಪೂರ್ತಿಯಲ್ಲ.

ಪ್ರೋಟೀನ್ ಮಾತ್ರ ನೋಡಬೇಕಿದ್ದರೆ, ಬೆಳಗಿನ ಒಂದು ಬಾಟಲಿ ಮೂತ್ರದಲ್ಲಿ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್)–ಕ್ರಿಯಾಟಿನಿನ್ ಅನುಪಾತ ಸಾಕೇ ಎಂದು ಡಾಕ್ಟರನ್ನು ಮೊದಲೇ ಕೇಳಿ. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ ಒಳಗಿದ್ದರೆ ಅದು ಸಹಜ. ಸ್ನಾಯು ತೀರಾ ಕರಗಿದವರು, ಕಾಲು ಕಳೆದುಕೊಂಡವರು, ಜಿಮ್‌ನಲ್ಲಿ ಮೈ ಬೆಳೆಸಿದವರು, ಇವರಿಗೆ ರಕ್ತದ ಕ್ರಿಯಾಟಿನಿನ್ ಒಂದರಿಂದಲೇ ಕಿಡ್ನಿಯ ಕೆಲಸ ಅಂದಾಜಿಸುವ ಸೂತ್ರ ಕೈಕೊಡುತ್ತದೆ. ಕ್ಯಾನು ಹಿಡಿಯುವ ಕಷ್ಟ ಅಲ್ಲಿ ಸಾರ್ಥಕ.

ಒಮ್ಮೆ ತಪ್ಪಿತೋ, ನೀರು ಬೆರೆಸಿ ಕ್ಯಾನು ತುಂಬಿಸಬೇಡಿ. ಅಳತೆ ಏರಿದಷ್ಟೇ ಸಾಂದ್ರತೆ ಇಳಿಯುತ್ತದೆ, ಹೋದ ಕ್ರಿಯಾಟಿನಿನ್ ಬರುವುದಿಲ್ಲ. ಎಲ್ಲ ಚೆಲ್ಲಿ, ಲ್ಯಾಬ್‌ನಿಂದ ಹೊಸ ಕ್ಯಾನು ತಂದು ಮುಂದಿನ ಭಾನುವಾರ ಶುರುಮಾಡಿ.