ಅಮ್ಮ ಬರೆಸಿದ ಊಟದ ಪಟ್ಟಿ

ಅಮ್ಮನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿದೆ ಅಂತ ಗೊತ್ತಾದಾಗ ನಾವು ಅದನ್ನು ಅವಳಿಂದ ಮುಚ್ಚಿಟ್ಟೆವು. ಡಾಕ್ಟರ್ ಕೂಡ ನಮ್ಮನ್ನು ಹೊರಗೆ ಕರೆದು "ಅವರಿಗೆ ಹೇಳಬೇಡಿ" ಅಂದಿದ್ದರು. ಮೂರು ವಾರ ಗ್ಯಾಸ್ಟ್ರಿಕ್ ಅಂತ ಸುಳ್ಳು ಹೇಳಿದೆವು. ಒಂದು ರಾತ್ರಿ ಅಮ್ಮನೇ ಕೇಳಿದಳು, "ನನ್ನ ಬಾಣಂತನಕ್ಕೇ ಬರದ ನಿಮ್ಮತ್ತೆ, ಗ್ಯಾಸ್ಟ್ರಿಕ್‌ಗೆ ಶಿವಮೊಗ್ಗದಿಂದ ಹಣ್ಣು ಹೊತ್ತುಕೊಂಡು ಬರ್ತಾಳೇನೇ?" ನನಗೆ ಅಳು ಬಂತು, ಅವಳು ನಗುತ್ತಿದ್ದಳು. ಅವತ್ತೇ ಎಲ್ಲ ಹೇಳಿದೆ. ಮೊದಲೇ ಹೇಳಬೇಕಿತ್ತು.

ಆದರೆ ನಗು ಮನೆಗೆ ಬಂದಿದ್ದು ನೋವು ಕಡಿಮೆಯಾದ ಮೇಲೆ. ನರಳುತ್ತಿರುವವರ ಮುಂದೆ ಯಾವ ತಮಾಷೆಯೂ ನಡೆಯೋದಿಲ್ಲ, ಅಲ್ವಾ? ಮಾರ್ಫಿನ್ ಮಾತ್ರೆ ಅಂದ ಕೂಡಲೇ ತಮ್ಮ ಹೆದರಿದ. ಅದು ಕೊಟ್ಟರೆ ಬೇಗ ಹೋಗಿಬಿಡ್ತಾರೆ ಅನ್ನೋ ಮಾತು ಎಲ್ಲ ಕಡೆ ಇದೆ. ನೋವಿಗೆ ತಕ್ಕಷ್ಟು, ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಹಾಗೇನೂ ಆಗೋದಿಲ್ಲ. ನೋವು ಶುರುವಾಗೋವರೆಗೂ ಕಾಯದೆ, ಅಲಾರಂ ಇಟ್ಟುಕೊಂಡು ನಾಲ್ಕು ಗಂಟೆಗೊಮ್ಮೆ ಕೊಟ್ಟೆವು. ಇದರಿಂದ ಮಲಬದ್ಧತೆ ಜಾಸ್ತಿ, ಅದಕ್ಕೂ ಮೊದಲ ದಿನದಿಂದಲೇ ಔಷಧಿ ಬೇಕು. ನಮಗೆ ಯಾರೂ ಹೇಳಿರಲಿಲ್ಲ, ಆ ಐದು ದಿನ ಅಮ್ಮ ಪಟ್ಟ ಕಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ. ಮನೆಯಲ್ಲಿ ನೋಡಿಕೊಳ್ಳೋಕೆ ಆಗದವರಿಗೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ದುಡ್ಡಿಲ್ಲದೆ ಆರೈಕೆ ಸಿಗುತ್ತದೆ.

ನೋವು ಇಳಿದ ವಾರವೇ ಅಮ್ಮ ತನ್ನ ವೈಕುಂಠ ಸಮಾರಾಧನೆಗೆ ಅಡುಗೆ ಪಟ್ಟಿ ಬರೆಸಿದಳು. ಹೋಳಿಗೆಗೆ ಕಡಲೆಬೇಳೆ ಬೇಡ, ತೊಗರಿಬೇಳೆ. ವಡೆಗೆ ಉಪ್ಪು ಕಡಿಮೆ, ಅತ್ತೆಗೆ ಬಿಪಿ. ಬರೆಯುತ್ತಿದ್ದ ನನ್ನ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಅವಳು, "ಅಲ್ಲಾ, ನನ್ನ ತಿಥಿ ವಡೆ ಊರೋರೆಲ್ಲ ತಿಂತಾರೆ, ನನಗೆ ಮಾತ್ರ ಇಲ್ವಾ? ಈಗ್ಲೇ ಕರಿ" ಅಂದಳು. ರಾತ್ರಿ ಹತ್ತಕ್ಕೆ ಉದ್ದು ನೆನೆಹಾಕಿ ಬೆಳಗ್ಗೆ ಕರಿದೆ. ತಿಂದಿದ್ದು ಚೂರೇ ಚೂರು. "ಗಟ್ಟಿಯಾಯ್ತು, ಆ ದಿನ ಭಟ್ಟರ ಕೈಲೇ ಮಾಡಿಸು" ಅಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ನಗುತ್ತಲೇ ತಮ್ಮ ಎದ್ದು ಹಿತ್ತಲಿಗೆ ಹೋದ.

ಒಂದು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆವು. ತಮಾಷೆ ಅವಳಿಂದಲೇ ಶುರುವಾಗಬೇಕು. ಅವಳು ಗೋಡೆ ಕಡೆ ತಿರುಗಿ ಮಲಗಿದ ದಿನ ಸುಮ್ನೆ ಕಾಲು ಒತ್ತುತ್ತಾ ಕೂತಿರುತ್ತಿದ್ದೆವು.

ವೆಂಟಿಲೇಟರ್ ಬೇಡ ಅಂತಲೂ ಬರೆಸಿದಳು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು, 2023ರಲ್ಲಿ ನಿಯಮ ಸಡಿಲ ಮಾಡಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ ಹಾಕಿದರೆ ಸಾಕು. ಮನೆಗೆ ಬಂದ ನೋಟರಿಗೆ ಅಮ್ಮ, "ಸಹಿ ವಕ್ರವಾಯ್ತು ಅಂತ ವಾಪಸ್ ಕಳಿಸಬೇಡಿ, ಇನ್ನೊಂದು ಸಲ ಬರೋಕೆ ಪುರುಸೊತ್ತಿಲ್ಲ" ಅಂದಳು.

ಕೊನೆಯ ನಾಲ್ಕು ದಿನ ಮಾತಿಲ್ಲ. ಊಟಕ್ಕೆ ಬಲವಂತ ಮಾಡಲಿಲ್ಲ, ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದೆವು. ಕಿವಿ ಕೇಳುತ್ತಿರಬಹುದು, ಮಾತಾಡ್ತಾ ಇರಿ ಅಂತ ನರ್ಸ್ ಹೇಳಿದ್ದರು. ಅದಕ್ಕೇ ಅವಳ ಹಳೇ ಮಾತುಗಳನ್ನೇ ಅವಳ ಕಿವಿಯಲ್ಲಿ ಹೇಳುತ್ತಿದ್ದೆ.

ಹದಿಮೂರನೇ ದಿನ ಆ ಪಟ್ಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದೆ. ಅತ್ತೆ ವಡೆ ಬಾಯಿಗಿಟ್ಟು "ಉಪ್ಪೇ ಇಲ್ವಲ್ಲೇ" ಅಂದರು. ನಾನು ಪಟ್ಟಿ ತೋರಿಸಿದೆ.