ದೋಷ ಹುಡುಕಲು ಉಸ್ತಾದರು, ಕೈ ಹಾಕಲು ಐಟಿಐ

ಮುಂಬೈಗೆ ಬಂದು ಲಿಫ್ಟ್ ಕೆಲಸಕ್ಕೆ ಸೇರಿದ ಊರಿನ ಹುಡುಗರು ಮಾಟುಂಗದಲ್ಲಿ ಸಿಕ್ಕಾಗ ಕೇಳುವುದು ಇದನ್ನೇ: ‘ಅಣ್ಣ, ಐಟಿಐಯಲ್ಲಿ ಕಲಿತದ್ದು ಒಂದು, ಉಸ್ತಾದರು ಹೇಳುವುದು ಇನ್ನೊಂದು. ಯಾರ ಮಾತು ಕೇಳಲಿ?’ ನಾನು ಗಿರಗಾಂವ್‌ನ ಹಳೆಯ ಕಟ್ಟಡಗಳಲ್ಲಿ ಕಾರ್ಕಳದ ಉಸ್ತಾದರೊಬ್ಬರ ಚೀಲ ಹೊತ್ತು ಕಲಿತವನು. ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್‌ನ 2 ವರ್ಷದ ಕೋರ್ಸ್ ಮಾಡಿದ್ದು ಆಮೇಲೆ. ದೋಷ ಹುಡುಕುವಾಗ ಉಸ್ತಾದರ ಮಾತು ಕೇಳಿ. ಕೈ ಹಾಕುವಾಗ ಐಟಿಐ ಕ್ರಮದ ಒಂದು ಹೆಜ್ಜೆಯನ್ನೂ ಬಿಡಬೇಡಿ.

ಲಿಫ್ಟ್ ತೂಗುವ ಉಕ್ಕಿನ ರೋಪನ್ನೇ ತೆಗೆದುಕೊಳ್ಳಿ. ಎಳೆಗಳ ಸಂದಿಯಲ್ಲಿ ಕುಂಕುಮದಂಥ ಕೆಂಪು ಪುಡಿ ಕಂಡರೆ ಒಳಗೆ ಎಣ್ಣೆ ಆರಿದೆ, ತಂತಿಗಳು ಒಂದನ್ನೊಂದು ತಿನ್ನುತ್ತಿವೆ ಎಂದು ಉಸ್ತಾದರು ದೂರದಿಂದಲೇ ಹೇಳುತ್ತಿದ್ದರು. ಆ ಕಣ್ಣು ಪುಸ್ತಕದಿಂದ ಬರುವುದಿಲ್ಲ. ಆದರೆ ಮುರಿದ ತಂತಿ ಹುಡುಕಲು ಅವರು ಓಡುವ ರೋಪಿಗೆ ಬಟ್ಟೆ ಹಿಡಿಯುತ್ತಿದ್ದರು. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ರೋಪ್ ಓಡುವ ರಾಟೆಯೊಳಗೆ ಹೋಗುತ್ತದೆ. ನೀವು ಇನ್‌ಸ್ಪೆಕ್ಷನ್ ವೇಗದಲ್ಲಿ, ಅಂದರೆ ತಪಾಸಣೆಯ ನಿಧಾನ ವೇಗದಲ್ಲಿ, ಸ್ವಲ್ಪ ಸ್ವಲ್ಪವೇ ಓಡಿಸಿ, ನಿಲ್ಲಿಸಿ, ಟಾರ್ಚ್ ಬೆಳಕಿನಲ್ಲಿ ಮುರಿದ ತಂತಿಗಳನ್ನು ಎಣಿಸಿ. ವ್ಯಾಸ ಅಳೆದು ಬರೆದಿಡಿ.

‘ಬ್ರೇಕ್ ಬಿಟ್ಟರೆ ಖಾಲಿ ಲಿಫ್ಟ್ ಮೇಲಕ್ಕೇ ಹೋಗುತ್ತದೆ’ ಎನ್ನುವುದು ಅವರದೇ ಮಾತು. ರೋಪಿನ ಇನ್ನೊಂದು ತುದಿಯ ಎದುರು ತೂಕ, ಅಂದರೆ ಕೌಂಟರ್‌ವೇಯ್ಟ್, ಕ್ಯಾಬಿನ್‌ನ ತೂಕದ ಜೊತೆಗೆ ಪೂರ್ಣ ಭಾರದ ಸುಮಾರು ಅರ್ಧದಷ್ಟನ್ನು ಹೊತ್ತಿರುತ್ತದೆ ಎಂಬ ಕಾರಣ ನನಗೆ ತರಗತಿಯಲ್ಲಿ ತಿಳಿಯಿತು. ಕ್ಯಾಬಿನ್ ಮೇಲೆ ನಿಂತವನ ತಲೆಗೂ ಛಾವಣಿಗೂ ನಡುವಿನ ಜಾಗದ ಬೆಲೆ ನನಗೆ ಅರ್ಥವಾದದ್ದು ಆಗಲೇ.

ಕ್ಯಾಬಿನ್ ಮೇಲೆ ಹತ್ತುವ ಮುನ್ನ ಮೂರು ಪರೀಕ್ಷೆಗಳನ್ನು ಮಾಡಿ. ಕ್ಯಾಬಿನ್ ಮೇಲ್ಭಾಗ ಮಹಡಿಯ ಮಟ್ಟಕ್ಕೆ ಬರುವಂತೆ ನಿಲ್ಲಿಸಿ. ಬಾಗಿಲು ತೆರೆದೇ ಇಟ್ಟು ಕಾಲ್ ಬಟನ್ ಒತ್ತಿಸಿ, ಲಿಫ್ಟ್ ಅಲುಗಬಾರದು. ಹೊರಗಿನಿಂದಲೇ ಕೈ ಚಾಚಿ ಕ್ಯಾಬಿನ್ ಮೇಲಿನ ಸ್ಟಾಪ್ ಸ್ವಿಚ್ ಒತ್ತಿ, ಬಾಗಿಲು ಮುಚ್ಚಿ, ಮತ್ತೆ ಕಾಲ್ ಕೊಡಿಸಿ, ಆಗಲೂ ಅಲುಗಬಾರದು. ಮತ್ತೆ ತೆರೆದು ಇನ್‌ಸ್ಪೆಕ್ಷನ್‌ಗೆ (ಕಾಲ್ ಕೊಟ್ಟರೂ ಓಡದ ಸ್ಥಿತಿಗೆ) ಹಾಕಿ, ಸ್ಟಾಪ್ ಬಿಡಿಸಿ, ಮುಚ್ಚಿ, ಮೂರನೆಯ ಸಲ ಕಾಲ್ ಕೊಡಿಸಿ. ಈಗಲೂ ನಿಂತಿದ್ದರೆ ಸ್ಟಾಪ್ ಒತ್ತಿ ಹತ್ತಿ. ಎರಡೇ ನಿಮಿಷದ ಕೆಲಸ. ‘ಇಷ್ಟೆಲ್ಲ ಯಾಕೆ?’ ಎಂದು ಹಿರಿಯರು ಗದರಿದರೂ ಬಿಡಬೇಡಿ.

ಮಳೆಗಾಲದಲ್ಲಿ ಲಿಫ್ಟ್ ಬಾವಿಯ ತಳದ ಪಿಟ್‌ಗೆ ನೀರು ನುಗ್ಗಿದ್ದರೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕದೆ ಇಳಿಯಬೇಡಿ. ಇದರಲ್ಲಿ ಉಸ್ತಾದರೂ ಐಟಿಐಯೂ ಒಂದೇ ಮಾತು.

ನನಗೆ ಹೆದರಿಕೆ ಇರುವುದು ‘ಡೈರೆಕ್ಟ್’ ಮಾಡುವ ತಂತಿಯ ಬಗ್ಗೆ. ಬಾಗಿಲು ಮುಚ್ಚಿದ್ದರಷ್ಟೇ ಲಿಫ್ಟ್ ಓಡಲು ಬಿಡುವ ಲಾಕ್ ಸಂಪರ್ಕ ಕೈಕೊಟ್ಟಾಗ ದೋಷ ಯಾವ ಮಹಡಿಯಲ್ಲಿದೆ ಎಂದು ತಿಳಿಯಲು ತುಂಡು ತಂತಿಯಿಂದ ಅದನ್ನು ದಾಟಿಸುತ್ತಾರೆ. ಒಂದು ಸಲ ನಾನೇ ಹಾಗೆ ಹಾಕಿದ ತಂತಿಯನ್ನು ಮರೆತು ಲಿಫ್ಟನ್ನು ನಾರ್ಮಲ್‌ಗೆ ತಿರುಗಿಸಿದ್ದೆ. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದಿದ್ದಂತೆಯೇ ಕ್ಯಾಬಿನ್ ಮೇಲೆ ಹೋಯಿತು. ಒಳಗೆ ಕಾಲಿಡಲಿದ್ದ ಅಜ್ಜಿ ತರಕಾರಿ ಚೀಲ ಬಿಟ್ಟು ಹಿಂದೆ ಸರಿದರು. ಚೀಲ ಬಾವಿಗೆ ಬಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಅಂದಿನಿಂದ ನನ್ನ ಚೀಲದಲ್ಲಿ ನಾಲ್ಕೇ ತಂತಿಗಳಿವೆ. ಎಲ್ಲವೂ ಕೆಂಪು, ಉದ್ದ, ತುದಿಯಲ್ಲಿ 1ರಿಂದ 4ರವರೆಗೆ ಅಂಕಿ. ನಾಲ್ಕೂ ಅಂಗೈಗೆ ಬರುವವರೆಗೆ ನಾರ್ಮಲ್ ಸ್ವಿಚ್ ಮುಟ್ಟುವುದಿಲ್ಲ. ಆಮೇಲೆ ಪ್ರತಿ ಮಹಡಿಯ ಬಾಗಿಲನ್ನೂ ತೆರೆದು, ಲಿಫ್ಟ್ ನಿಲ್ಲುತ್ತದೆಯೇ ಎಂದು ನಾನೇ ನೋಡುತ್ತೇನೆ.